ಕಾರಿನ ಸೀಟಿಗೆ ಕಪಿಲೆಯ ಎಣ್ಣೆ

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೀದಿಬದಿಗೆ ನೆಟ್ಟ ಸಸಿಗಳು ಅವುಗಳ ಸುತ್ತ ಕಟ್ಟಿದ ಮುಳ್ಳುಬೇಲಿಯ ಎತ್ತರವನ್ನೂ ದಾಟಿರಲಿಲ್ಲ. ಮಾರ್ಚ್ ಬಂತೆಂದರೆ ನೆರಳು ಬೇಕಾದವರು ಯಾವುದಾದರೂ ಗೋಡೆಯ ಪಕ್ಕ ನಿಲ್ಲಬೇಕಿತ್ತು. ನಾನೂ ನನ್ನ ಅಣ್ಣನೂ ಅಲ್ಲಿನ ಒಂದು ಮನೆಯ ಹಿತ್ತಲಿನ ಔಟ್‌ಹೌಸಿನಲ್ಲಿದ್ದೆವು. ಮನೆ ಸರ್ಕಾರಿ ಕೆಲಸದಿಂದ ನಿವೃತ್ತರಾದ ಒಬ್ಬ ಅಧಿಕಾರಿಯದು. ಅಣ್ಣ ಅವರ ಕಾರಿನ ಡ್ರೈವರ್. ನಮ್ಮ ಕೋಣೆ ಅವನ ಕೆಲಸದ ಜೊತೆಗೆ ಸಿಕ್ಕಿದ್ದು. ನಾನು ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಕೆಲಸ ಸಂಜೆಯ ಪಾಳಿಯದಾದ್ದರಿಂದ ಹಗಲೆಲ್ಲ ಮನೆಯಲ್ಲೇ ಇರುತ್ತಿದ್ದೆ.

ಕಾರು ಇಂಗ್ಲೆಂಡಿನದು, ಯಜಮಾನರು ಕೊಂಡಾಗಲೇ ಹಳೆಯದು. ಸೀಟುಗಳು ಅಪ್ಪಟ ಚರ್ಮದವು, ಬೆಲ್ಲದ ಬಣ್ಣ. ಅದನ್ನು ನಿಲ್ಲಿಸುವ ಷೆಡ್ಡಿಗೆ ತಗಡಿನ ಚಾವಣಿ, ಬಾಗಿಲು ಪಶ್ಚಿಮಕ್ಕೆ. ಮಧ್ಯಾಹ್ನದ ಬಿಸಿಲು ಹಿಂದಿನ ಗಾಜಿನಿಂದ ತೂರಿ ನೇರವಾಗಿ ಹಿಂದಿನ ಸೀಟಿನ ಮೇಲೆ ಬೀಳುತ್ತಿತ್ತು. ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಅಂಗಡಿಯೊಂದರಿಂದ ಚರ್ಮಕ್ಕೆ ಹಚ್ಚುವ ಮೇಣದ ಡಬ್ಬಿ ಬರುತ್ತಿತ್ತು. ಒಂದು ವರ್ಷ ಅದು ಬರುವುದು ನಿಂತಿತು. ಬೇಸಿಗೆಯ ನಡುವಿಗೆ ಸೀಟು ಒಣಗಿ ಬಿರುಕು ಬಿಟ್ಟು, ಕೈಯಾಡಿಸಿದರೆ ಚುಚ್ಚುತ್ತಿತ್ತು.

ಅಣ್ಣನಿಗೆ ಚರ್ಮ ಹೊಸದಲ್ಲ. ಕೆಂಗೇರಿಯ ಹತ್ತಿರ ನಮ್ಮ ತಂದೆಯ ಹೊಲದಲ್ಲಿ ಕಪಿಲೆ ಬಾವಿಯಿತ್ತು. ಎತ್ತುಗಳು ಹಗ್ಗ ಎಳೆದಂತೆ ದೊಡ್ಡ ಚರ್ಮದ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಆ ಚೀಲ ಹರಿಯದಂತೆ ಅದಕ್ಕೆ ಹರಳೆಣ್ಣೆ ಸುರಿದು, ಬಿಸಿಲಿಗೆ ಹರಡಿ, ಕುಡಿಯುವಷ್ಟೂ ಕುಡಿಸುತ್ತಿದ್ದರು. ಅಣ್ಣ ಕಾರಿನ ಸೀಟಿಗೂ ಅದನ್ನೇ ಮಾಡಿದ. ಒಂದು ದಿನ ಬೆಳಿಗ್ಗೆ ಒಂದು ಸೇರು ಹರಳೆಣ್ಣೆ ಉಜ್ಜಿ, ಬಾಗಿಲು ಮುಚ್ಚಿ, ಕಾರನ್ನು ರಸ್ತೆಯ ಬಿಸಿಲಿನಲ್ಲಿ ನಿಲ್ಲಿಸಿದ. ಸಂಜೆಗೆ ಸೀಟು ಹೊಸದರಂತೆ ಮಿನುಗುತ್ತಿತ್ತು. ಬಟ್ಟೆಯಲ್ಲಿ ಒರೆಸಿದ, ಕೈಗೆ ಎಣ್ಣೆ ತಾಕಲಿಲ್ಲ. 'ನೋಡೋ, ಹೆಂಗೆ ಕುಡಿದುಬಿಟ್ಟೈತೆ' ಎಂದ.

ಮಾರನೆಯ ದಿನ, ಶನಿವಾರ, ಯಜಮಾನರು ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಹೋದರು. ಬಿಳಿ ಕಚ್ಚೆಪಂಚೆ, ಕರಿ ಕೋಟು, ಪೇಟ. ದಾರಿಯುದ್ದಕ್ಕೂ ಬಿಸಿಲು. ಬಿಸಿಗೆ ಚರ್ಮ ತಾನು ಕುಡಿದದ್ದನ್ನು ಹೊರಕ್ಕೆ ಬಿಟ್ಟಿತು. ವೇದಿಕೆಯ ಮೇಲೆ ದೀಪ ಹಚ್ಚಲು ಅವರು ಸಭೆಗೆ ಬೆನ್ನು ಮಾಡಿದಾಗ ಪಂಚೆಯ ಹಿಂಭಾಗದಲ್ಲಿ ತಟ್ಟೆಯಗಲದ ಎರಡು ಕಂದು ಕಲೆಗಳು ಎಲ್ಲರಿಗೂ ಕಂಡವು. ಮುಂದಿನ ಸಾಲಿನ ಮಕ್ಕಳು ಕೈಯಿಂದ ಬಾಯಿ ಮುಚ್ಚಿಕೊಂಡರು. ಇದನ್ನು ನಾನು ನೋಡಿಲ್ಲ. ಸಭಾಂಗಣದ ಬಾಗಿಲಲ್ಲಿ ನಿಂತಿದ್ದ ಅಣ್ಣ ಹೇಳಿದ್ದು.

ನಾನು ಕಂಡದ್ದು ಅವರು ಮನೆಗೆ ಬಂದಿಳಿದದ್ದನ್ನು. ಅವರು ದನಿ ಏರಿಸಲಿಲ್ಲ.

'ಏನಯ್ಯ, ನನ್ನನ್ನ ಬೋಂಡ ಅಂದ್ಕೊಂಡ್ಯಾ? ಎಣ್ಣೇಲಿ ಕರಿಯೋದಕ್ಕೆ?'

'ತಪ್ಪಾಯ್ತು ಸ್ವಾಮಿ.'

'ನಾಳೆಯಿಂದ ಬೇರೆ ಕಡೆ ನೋಡ್ಕೋ. ಕೋಣೆ ಬೀಗದ ಕೈ ಅಮ್ಮಾವ್ರ ಹತ್ರ ಕೊಡು.'

ಅಮ್ಮಾವ್ರು, ಅಂದರೆ ಯಜಮಾನರ ಹೆಂಡತಿ, ಪಂಚೆಯನ್ನು ಬಕೆಟ್ಟಿಗೆ ಹಾಕುತ್ತಲೇ ಹೇಳಿದರು: 'ಮುಂದಿನ ಭಾನುವಾರದವರೆಗೆ ಬಿಡಿ. ಕೆಡಿಸಿದವನೇ ಸರಿಮಾಡ್ಲಿ. ಹೊಸಬ ಬಂದು ಇನ್ನೇನ್ ಸುರೀತಾನೋ ಯಾರಿಗ್ಗೊತ್ತು.'

ಹೀಗೆ ಅಣ್ಣನಿಗೆ ಎಂಟು ದಿನ ಸಿಕ್ಕಿತು. ಅವನ ಕೆಲಸ ಹೋದರೆ ನಮ್ಮಿಬ್ಬರ ಸೂರೂ ಹೋಗುತ್ತಿತ್ತು.

ಮಾಗಡಿ ರಸ್ತೆಯ ಜಟಕಾ ನಿಲ್ದಾಣದ ಬಳಿ ಕುದುರೆಯ ಜೀನು, ಲಗಾಮು ಹೊಲಿಯುವ ವಯಸ್ಸಾದ ಸಾಹೇಬರೊಬ್ಬರಿದ್ದರು. ಅಣ್ಣ ಅವರನ್ನು ಕರೆತಂದ. ಅವರು ಸೀಟನ್ನು ಹೆಬ್ಬೆರಳಿನಿಂದ ಒತ್ತಿ, ಬೆರಳು ಮೂಸಿ ನೋಡಿದರು.

'ಎಷ್ಟು ಹಾಕಿದ್ರಿ?'

'ಒಂದ್ ಸೇರು, ಸಾಹೇಬ್ರೆ. ಕಪಿಲೆಗೆ ಅಷ್ಟೇ ಹಾಕ್ತಿದ್ದಿದ್ದು.'

'ಕಪಿಲೆ ಚರ್ಮ ದಿನಾ ನೀರಲ್ಲಿ ಮುಳುಗ್ತದೆ. ನೀರು ಎಣ್ಣೆ ತೊಳೀತದೆ, ನೀವು ಮತ್ತೆ ಹಾಕ್ತೀರಿ. ಈ ಸೀಟು ಎಲ್ಲಿ ಮುಳುಗ್ತದೆ ಭಾಯಿ? ಮುಳುಗಿದ್ದು ನಿಮ್ಮ ಸಾಹೇಬರ ಪಂಚೆ.'

ಅಣ್ಣನಿಗೂ ನಗು ಬಂತು. ಆ ವಾರ ಅವನು ನಕ್ಕಿದ್ದು ಅದೊಂದೇ ಸಲ.

ಸಾಹೇಬರು ಹೇಳಿದಂತೆ ಕೆಲಸ ಶುರುವಾಯಿತು. ಮೊದಲು ಸೀಮೆಸುಣ್ಣದ ಪುಡಿ. ಬೆಳಿಗ್ಗೆ ಸೀಟಿನ ಮೇಲೆಲ್ಲ ಉದುರಿಸಿ, ಕಾರನ್ನು ಬಿಸಿಲಿಗೆ ನಿಲ್ಲಿಸುವುದು. ಬಿಸಿಗೆ ಎಣ್ಣೆ ಮೇಲೆ ಬಂದು ಪುಡಿಗೆ ಹತ್ತುತ್ತಿತ್ತು. ಸಂಜೆ ಮೆತ್ತನೆಯ ಬ್ರಷ್ಷಿನಿಂದ ತೆಗೆಯುವುದು. ಮೊದಲ ದಿನ ಪುಡಿ ಹಸಿ ಕಡಲೆಹಿಟ್ಟಿನಂತೆ ಉಂಡೆಯಾಗಿ ಬಂತು. ಐದನೆಯ ದಿನ ಹಾಕಿದ ಹಾಗೇ ಬೆಳ್ಳಗೆ ಉಳಿಯಿತು. ಶುಕ್ರವಾರ ಸಾಬೂನಿನ ನೊರೆ: ನೀರಲ್ಲ, ನೊರೆ ಮಾತ್ರ. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಅಂಗೈಯಗಲ ಒರೆಸಿ, ಹಿಂದೆಯೇ ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಪಕ್ಕದ ಅಂಗೈಯಗಲ. ಹೊಲಿಗೆಯ ಸಾಲುಗಳಲ್ಲಿ ಕೂತಿದ್ದ ಕೆಂಧೂಳನ್ನು ಅಣ್ಣ ಬೇವಿನಕಡ್ಡಿ ಜಜ್ಜಿ ಮಾಡಿದ ಕುಂಚದಿಂದ ತೆಗೆದ. ಆಮೇಲೆ ಕಾರನ್ನು ಮನೆಯ ಪೂರ್ವದ ಗೋಡೆಯ ನೆರಳಿಗೆ ತಂದು ನಾಲ್ಕೂ ಬಾಗಿಲು ತೆರೆದಿಟ್ಟ.

ಶನಿವಾರ ಸೀಟು ಶುದ್ಧವಾಗಿತ್ತು, ಆದರೆ ಒಣಗಿ ಮಂಕಾಗಿತ್ತು. ಬಿರುಕುಗಳು ಮತ್ತೆ ಕಂಡವು. ಸಾಹೇಬರು ಬಂದು ನೋಡಿ, ಜೇನುಮೇಣ ಕರಗಿಸಿ ಸ್ವಲ್ಪ ಹರಳೆಣ್ಣೆ ಬೆರೆಸಿ ಹಚ್ಚಬೇಕು ಎಂದರು. ಹಾಗೇ ಬಿಟ್ಟರೆ ಈ ಬೇಸಿಗೆ ಮುಗಿಯುವುದರೊಳಗೆ ಹರಿಯುತ್ತದೆ.

ಅವರು ಹೋದ ಮೇಲೆ ನಾನು ಅಣ್ಣನಿಗೆ ಬೇಡವೆಂದೆ. 'ನಾಳೆ ಒಂದಿನ ಕಳೀಲಿ. ಒಣಗಿರೋ ಸೀಟು ಯಾವ ಪಂಚೆಗೂ ಅಂಟಲ್ಲ. ಆಮೇಲೆ ನಿಧಾನಕ್ಕೆ ಹಚ್ಚು.'

ಅಣ್ಣ ಬಗ್ಗಿ ಸೀಟಿನ ಬಿರುಕುಗಳ ಮೇಲೆ ಬೆರಳಾಡಿಸಿದ. 'ಸರಿಮಾಡು ಅಂದವ್ರೆ ಕಣೋ. ಇದು ಸರಿಯಾಗಿಲ್ಲ, ಬರೀ ಒಣಗೈತೆ.'

ಕಡಲೆಕಾಳಿನಷ್ಟು ಮೇಣ ಬೆರಳಿಗೆ ತೆಗೆದು, ಎರಡು ಅಂಗೈಯಗಲಕ್ಕೆ ತೆಳ್ಳಗೆ ಎಳೆದು, ಒಂದು ಗಂಟೆ ನೆರಳಲ್ಲಿ ಬಿಟ್ಟು, ಬಟ್ಟೆ ತಡೆಯಿಲ್ಲದೆ ಜಾರುವವರೆಗೆ ಉಜ್ಜಿದ. ಇಡೀ ಕಾರಿಗೆ ಖರ್ಚಾದ ಮೇಣ ಒಂದು ನಿಂಬೆಹಣ್ಣಿನಷ್ಟಿರಲಿಲ್ಲ.

ಭಾನುವಾರ ಹನ್ನೆರಡಕ್ಕೆ ಯಜಮಾನರು ಕಾರನ್ನು ರಸ್ತೆಯ ಬಿಸಿಲಿಗೆ ನಿಲ್ಲಿಸಲು ಹೇಳಿದರು. ಒಗೆದ ಬಿಳಿ ಪಂಚೆಯುಟ್ಟು ಹಿಂದಿನ ಸೀಟಿನಲ್ಲಿ ಕೂತು, ಗಾಜು ಏರಿಸಿ, ಪತ್ರಿಕೆ ಬಿಡಿಸಿದರು. ಮುಕ್ಕಾಲು ಗಂಟೆ ಓದಿದರು. ಎದುರುಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಅಣ್ಣ ಕಾಂಪೌಂಡಿನ ಪಕ್ಕ ನೆಲ ನೋಡುತ್ತ ನಿಂತಿದ್ದ.

ಇಳಿದು ಬಂದವರು ಹೆಂಡತಿಗೆ ಬೆನ್ನು ತೋರಿಸಿದರು. ಅಮ್ಮಾವ್ರು ಬಗ್ಗಿ ನೋಡಿದರು, ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿದರು.

'ಎಣ್ಣೆ ಇಲ್ಲ. ಬೆವರು.'

'ಬೆವರು ನಂದೇ' ಎಂದರು ಯಜಮಾನರು. ಆಮೇಲೆ ಅಣ್ಣನ ಕಡೆ ತಿರುಗಿ, 'ನಾಳೆ ಎಂಟಕ್ಕೆ ಗಾಡಿ ತೆಗಿಯಯ್ಯ' ಎಂದು ಒಳಗೆ ಹೋದರು.

ಅಣ್ಣ ಮೊದಲು ಕಾರನ್ನು ಗೋಡೆಯ ನೆರಳಿಗೆ ತಂದ, ಹಿಂದಿನ ಸೀಟಿಗೆ ಹಳೆಯ ಜಮಖಾನ ಹೊದಿಸಿದ. ಆಮೇಲೆ ಊಟಕ್ಕೆಂದು ಕೋಣೆಗೆ ಬಂದ. ನಾನು ಬೆಳಿಗ್ಗೆಯೇ ನನ್ನ ಬಟ್ಟೆ, ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬಿಟ್ಟಿದ್ದೆ. ಅವನು ಟ್ರಂಕನ್ನು ನೋಡಿದ, ನನ್ನನ್ನು ನೋಡಿದ.

'ಎಲ್ಲಿಗೋ ಹೊರಟೆ?'

ನಾನು ಟ್ರಂಕಿನ ಮುಚ್ಚಳ ತೆರೆದು ಪುಸ್ತಕಗಳನ್ನು ಹೊರಗೆ ಇಡತೊಡಗಿದೆ.