ಜಯಮ್ಮನವರ ಬೇರಿಂಗ್ ಗುಂಡು

ಕೋವಿಡ್ ಕಾಟ ಮುಗಿದ ಮರುವರ್ಷ. ಶಿರಾ ಕಡೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥ. ನಿವೃತ್ತಿಗೆ ಎರಡು ವರ್ಷ ಬಾಕಿ. ನಮ್ಮ ಪ್ರಯೋಗಾಲಯದ ಕೆಲಸ ಕೇಳಿದವರು ನಗುತ್ತಿದ್ದರು: ಕೂದಲೆಳೆಗಿಂತ ಸಣ್ಣ ರೋಬೋಗಳಿಗೆ ಈಜು ಕಲಿಸುವುದು! ಸ್ಕ್ರೂ ಆಕಾರದ ಇವಕ್ಕೆ ಬ್ಯಾಟರಿಯಿಲ್ಲ. ನೀರಿನ ಪುಟ್ಟ ತೊಟ್ಟಿಯ ಸುತ್ತ ಮೂರು ಜೊತೆ ಕಾಯಿಲ್, ಅಂದರೆ ತಂತಿ ಸುರುಳಿ, ಇಟ್ಟು ಕಾಂತಕ್ಷೇತ್ರವನ್ನು ತಿರುಗಿಸಿದರೆ ಇವೂ ತಿರುಗುತ್ತ, ನೀರನ್ನು ಕೊರೆದುಕೊಂಡು, ಸಾವಿರಾರು ಒಟ್ಟಿಗೆ ಮುಂದೆ ಸಾಗಬೇಕು. ಮುಂದೊಂದು ದಿನ ಇವು ರಕ್ತನಾಳದಲ್ಲಿ ಔಷಧ ಹೊರಲಿ ಎಂಬುದು ಆಸೆ.

ನಮ್ಮವು ಸಾಗಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಗುಂಪು ಎರಡಾಗಿ ಒಡೆದು ತೊಟ್ಟಿಯ ಎಡಬಲದ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಮೂರು ವಾರ ಇದೇ ಪಾಡು. ರೋಬೋಗಳನ್ನು ತಯಾರಿಸುತ್ತಿದ್ದವಳು ಕೊರಟಗೆರೆಯ ನಾಗವೇಣಿ, ತಾತ್ಕಾಲಿಕ ನೌಕರಿಯ ಸಹಾಯಕಿ. ನನಗೋ ಮೂಗಿನ ತುದಿಯಲ್ಲೇ ಕೋಪ. "ನಿನ್ನ ಕೈಕೆಲಸವೇ ಸರಿಯಿಲ್ಲ" ಎಂದುಬಿಟ್ಟೆ. ಅವಳನ್ನು ಮುಂದುವರಿಸುವುದು ಬೇಡವೆಂಬ ಪತ್ರವೂ ಮೇಜಿನ ಮೇಲೆ ಸಿದ್ಧವಿತ್ತು; ಸೋಮವಾರ ಸಹಿ ಹಾಕುವುದಷ್ಟೇ ಬಾಕಿ.

ಭಾನುವಾರ ಬಡವನಹಳ್ಳಿಗೆ ಹೋದೆ. ನಮ್ಮ ತೋಟದ ಪಂಪಿನ ಮೋಟರ್ ಸುಟ್ಟು, ಜಯಮ್ಮ ಎಂಬುವರ ವೈಂಡಿಂಗ್ ಅಂಗಡಿ ಸೇರಿತ್ತು. ಹೊಸ ತಂತಿ ಸುತ್ತಿ ಮುಗಿಸಿದ್ದ ಆಕೆ ಮೋಟರಿನ ಟೊಳ್ಳಿಗೆ ಒಂದು ಬೇರಿಂಗ್ ಗುಂಡು ಹಾಕಿ ಕರೆಂಟ್ ಕೊಟ್ಟರು. ಗುಂಡು ಒಳಗೋಡೆಗುಂಟ ಗರಗರ ಸುತ್ತತೊಡಗಿತು.

"ಸುತ್ತದೇ ಹೋದರೆ?" ಎಂದೆ.

"ಎಲ್ಲೋ ಒಂದ್ ಕಾಯಿಲ್ ಉಲ್ಟಾ ಕೊಟ್ಬುಟ್ಟಿವ್ನಿ ಅಂತ. ಗುಂಡೇನ್ ಮಾಡ್ತದೆ ಸಾ, ಪಾಪ? ಅದುನ್ನ ಬೈದ್ರೆ ಏನ್ ಬಂತು? ನನ್ ಕೈನೇ ಬೈಕೊಂಡು ಬಿಚ್ತೀನಿ."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೋಟರನ್ನು ಅಲ್ಲೇ ಬಿಟ್ಟು ಕಾಲೇಜಿಗೆ ಓಡಿದೆ. ಕಾಯಿಲ್‌ಗಳ ನಡುವೆ ದಿಕ್ಸೂಚಿ ಇಟ್ಟು ಕ್ಷೇತ್ರವನ್ನು ನಿಧಾನವಾಗಿ ತಿರುಗಿಸಿದೆ. ಮುಳ್ಳು ಸುತ್ತಲಿಲ್ಲ, ಆ ಕಡೆ ಈ ಕಡೆ ಹೊಯ್ದಾಡಿತು. ಎಡಬಲದ ಜೊತೆಯಲ್ಲಿ ಒಂದು ಕಾಯಿಲಿನ ತಂತಿ ಉಲ್ಟಾ ಆಗಿ, ಎರಡೂ ಕಾಯಿಲ್ ರೋಬೋಗಳನ್ನು ತಮ್ಮ ತಮ್ಮ ಕಡೆಗೆ ಎಳೆಯುತ್ತಿದ್ದವು. ಆ ತಂತಿ ಜೋಡಿಸಿದವನು ನಾನೇ. ಬೇರೆ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ.

ತಂತಿಯನ್ನು ಸರಿಪಡಿಸಿ, ಸೋಮವಾರ ಸ್ವಿಚ್ಚನ್ನು ನಾಗವೇಣಿಯ ಕೈಯಲ್ಲೇ ಹಾಕಿಸಿದೆ. ಅವಳ ರೋಬೋಗಳು ಸೂಕ್ಷ್ಮದರ್ಶಕದ ಪರದೆಯ ಮೇಲೆ ಒಂದೇ ಗುಂಪಾಗಿ ನೆಟ್ಟಗೆ ಸಾಗಿದವು. ಪತ್ರವನ್ನು ಅವಳೆದುರೇ ಹರಿದು, "ತಪ್ಪು ನನ್ನದಮ್ಮ" ಎಂದೆ.

ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಕಾಯಿಲ್ ಒಂದ್ಸಲ ನೋಡಾಣ ಅಂತ ಎರಡು ಸಲ ಅಂದಿದ್ದೆ ಸಾರ್. ನೀವು ಕೇಳುಸ್ಕೊಳ್ಳಲೇ ಇಲ್ಲ."

ಕೆಲಸ ಕೆಟ್ಟಾಗ ಮೊದಲು ನೋಡಬೇಕಾದದ್ದು ಸ್ವಂತ ಕೈಯನ್ನು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದನ್ನು ಕಲಿಸಿದ ಇಬ್ಬರಿಗೂ ನಾನು ಋಣಿ. ಆ ಮೋಟರ್ ಸುಟ್ಟದ್ದಕ್ಕೂ ಋಣಿ. ಒಂದು ವಾರ ತಡವಾಗಿ ಸುಟ್ಟಿದ್ದರೆ ನಾನು ಸಹಿ ಹಾಕಿಬಿಟ್ಟಿರುತ್ತಿದ್ದೆ.