ಎರಡು ಸೀಟು, ಒಬ್ಬ ಅತ್ತೆ

ನರ್ಸಿಂಗ್ ಮುಗಿಸಿ ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ದುಡಿದ ಮೇಲೆ ನನಗೆ ಮುಂದೆ ಓದುವ ಹುಚ್ಚು ಹಿಡಿಯಿತು. ಮೈಸೂರಿನಲ್ಲಿ ಎರಡು ಕಡೆ ಅರ್ಜಿ ಹಾಕಿದ್ದೆ, ಎರಡು ಕಡೆಯೂ ಸೀಟು ಸಿಕ್ಕಿತು. ಒಂದು ಆಸ್ಪತ್ರೆ ಆಡಳಿತ, ಇನ್ನೊಂದು ಸಾರ್ವಜನಿಕ ಆರೋಗ್ಯ. ಯಾವುದೆಂದು ಹೇಳಲು ಒಂದು ವಾರ ಉಳಿದಿತ್ತು. ನನ್ನ ಮನಸ್ಸು ಎರಡನೆಯದರ ಮೇಲಿತ್ತು. ಆದರೆ ಮಗಳಿಗಿನ್ನೂ ಮೂರು ತುಂಬಿರಲಿಲ್ಲ. ಹನೂರಿನ ಪಕ್ಕದ ನಮ್ಮೂರಲ್ಲಿ ಅವಳನ್ನು ಅತ್ತೆಯ ಬಳಿ ಬಿಡದೆ ನನಗೆ ಯಾವ ಓದೂ ಇಲ್ಲ. ನನ್ನ ಗಂಡ ಜಾಣರು. ಅವ್ವ ಹೇಳಿದ ಹಾಗೆ ಮಾಡು ಎಂದು ಹೊಲದ ಕಡೆ ನಡೆದುಬಿಟ್ಟರು.

ಅತ್ತೆಯ ಲೆಕ್ಕಾಚಾರ ಸರಳವಾಗಿತ್ತು. ಆಡಳಿತ ಎಂದರೆ ಕುರ್ಚಿ, ತಲೆಯ ಮೇಲೆ ಫ್ಯಾನು. ಸಾರ್ವಜನಿಕ ಆರೋಗ್ಯ ಎಂದರೆ ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚಿಸುವುದು, ಮನೆಮನೆಗೆ ಹೋಗಿ ತೊಟ್ಟಿಯ ನೀರು ಚೆಲ್ಲಿಸಿ ಬೈಸಿಕೊಳ್ಳುವುದು. ಅದಕ್ಕೂ ಮೈಸೂರಿಗೆ ಹೋಗಿ ಓದಬೇಕಾ ಎಂದು ಕೇಳಿದರು. ಆಡಳಿತಕ್ಕಾದರೆ ಮಗುವನ್ನು ನೋಡಿಕೊಳ್ಳುತ್ತೇನೆ, ಬ್ಲೀಚಿಂಗ್ ಪೌಡರಿಗಾದರೆ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಮುಖ ಊದಿಸಿಕೊಂಡು ಓಡಾಡಿದೆ.

ಅದೇ ವಾರ ನಾದಿನಿ ಮೊದಲ ಹೆರಿಗೆಗೆಂದು ತವರಿಗೆ ಬಂದಳು. ಅವಳನ್ನು ಕೊಟ್ಟಿರುವುದು ಯಳಂದೂರಿನ ಕಡೆಗೆ. ಸೀಮಂತದ ಸೀರೆ, ಕೈತುಂಬ ಹಸಿರು ಬಳೆ ಎಲ್ಲ ಬಂದಿದ್ದವು. ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡು ಮತ್ತು ರಕ್ತದ ಮಾತ್ರೆ ಮಾತ್ರ ಗಂಡನ ಮನೆಯ ಗೂಡಿನಲ್ಲೇ ಉಳಿದಿದ್ದವು. ಇನ್ನು ತವರಿನವರು ನೋಡಿಕೊಳ್ಳುತ್ತಾರೆ ಎಂದು ಅಲ್ಲಿಯವರು ಸುಮ್ಮನಾಗಿದ್ದರು. ಅಲ್ಲೇ ಎಲ್ಲ ತೋರಿಸಿಕೊಂಡು ಬಂದಿರುತ್ತಾಳೆ ಎಂದು ಅತ್ತೆ ಹಿಗ್ಗಿನಿಂದ ಒಬ್ಬಟ್ಟು ತಟ್ಟುತ್ತಿದ್ದರು. ನಮ್ಮೂರಿನ ಆಶಾ ಕಾರ್ಯಕರ್ತೆಗೆ ಅವಳು ಬಂದಿರುವುದೇ ಗೊತ್ತಿರಲಿಲ್ಲ. ನಾನು ನಾದಿನಿಯ ಕೆಳರೆಪ್ಪೆ ಎಳೆದು ನೋಡಿದೆ, ಪೂರಾ ಬಿಳುಚಿಕೊಂಡಿತ್ತು. ಒಬ್ಬಟ್ಟು ಅರ್ಧಕ್ಕೇ ನಿಂತಿತು. ತಾಯಿ ಮಗಳಿಬ್ಬರನ್ನೂ ಆಟೋ ಹತ್ತಿಸಿಕೊಂಡು ಕೊಳ್ಳೇಗಾಲಕ್ಕೆ ಓಡಿದೆ. ರಕ್ತ ತುಂಬ ಕಡಿಮೆಯಿದೆ, ಹೀಗೇ ಹೆರಿಗೆಯಾಗಿದ್ದರೆ ಜೀವಕ್ಕೆ ಕಷ್ಟವಿತ್ತು ಎಂದ ಡಾಕ್ಟರು ಅಲ್ಲೇ ಮಲಗಿಸಿ ಡ್ರಿಪ್ ಹಾಕಿಸಿದರು.

ಹೊರಗಿನ ಬೆಂಚಿನ ಮೇಲೆ ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದರು. ನಾನು ಪಕ್ಕಕ್ಕೆ ಬಂದು ಕೂತಾಗ ಕೇಳಿದರು.

"ಇದ್ನ ಯಾರ್ ನೋಡ್ಬೇಕಾಗಿತ್ತವ್ವ? ಅವ್ರಾ, ನಾವಾ?"

ಬೀಗುವ ಹೊತ್ತು ಅದಾಗಿರಲಿಲ್ಲ, ನಾನೂ ಹೆದರಿ ಹಣ್ಣಾಗಿದ್ದೆ. ತಪ್ಪು ಯಾರದೂ ಅಲ್ಲ ಅತ್ತೆ ಎಂದೆ. ಗಂಡನ ಮನೆ ಬಿಟ್ಟು ತವರು ಸೇರುವ ಬಸುರಿ ನಡುವೆ ಯಾರ ಕಣ್ಣಿಗೂ ಬೀಳದೆ ಹೋಗುತ್ತಾಳೆ, ಹಾಗಾಗದಂತೆ ಏರ್ಪಾಡು ಮಾಡುವುದೂ ಒಂದು ವಿದ್ಯೆ, ನಾನು ಓದಬೇಕೆಂದಿರುವುದು ಅದನ್ನೇ ಎಂದೆ. ಅವರು ಎದ್ದು ಮಗಳ ಮಂಚದ ಕಡೆಗೆ ನಡೆದರು.

ನಾದಿನಿ ಚೇತರಿಸಿಕೊಂಡಳು, ಸುಖವಾಗಿ ಹೆತ್ತಳು. ನಾನೀಗ ಇದೇ ತಾಲೂಕುಗಳಲ್ಲಿ ತವರಿಗೆ ಬಂದ ಬಸುರಿಯರನ್ನು ಹುಡುಕಿಕೊಂಡು ಅಲೆಯುತ್ತೇನೆ. ಕುರ್ಚಿ ಇದೆ, ಕೂರಲು ಪುರುಸೊತ್ತಿಲ್ಲ. ಈ ಕೆಲಸ ನನಗೆ ಬಲು ಇಷ್ಟ. ಪುಣ್ಯ ಮಾಡಿದ್ದೆ ಎಂದು ದಿನವೂ ಅನ್ನಿಸುತ್ತದೆ, ಅನ್ನಿಸಿದಾಗೆಲ್ಲ ಅತ್ತೆಯ ನೆನಪಾಗುತ್ತದೆ.

ಆ ವಾರದ ಕೊನೆಗೆ, ಸೀಟಿಗೆ ಒಪ್ಪಿಗೆ ಹೇಳುವ ಕಡೆಯ ದಿನ ಬೆಳಿಗ್ಗೆ ಅವರನ್ನು ಮತ್ತೆ ಕೇಳುವ ಧೈರ್ಯ ನನಗೆ ಬಂದಿರಲಿಲ್ಲ. ಆಡಳಿತವೇ ಇರಲಿ ಎಂದುಕೊಂಡು ಮೈಸೂರಿನ ಬಸ್ಸಿಗೆ ಹೊರಟು ನಿಂತಿದ್ದೆ. ಅತ್ತೆ ನನ್ನ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೆ ಬಂದರು.

"ಆ ಬ್ಲೀಚಿಂಗ್ ಪೌಡರ್‌ನೇ ಓದವ್ವ," ಎಂದರು. "ಮಗೀನ್ ಬಾಣ್ತನ ನಿಮ್ಮವ್ವ ಮಾಡುದ್ರು. ಈ ಓದುನ್ ಬಾಣ್ತನ ನಂದು."