ಕೀಲೆಣ್ಣೆಯ ವಾಸನೆ

ಮಿಸ್ತ್ರಿಯ ಕಣ್ಣರೆಪ್ಪೆಗಳ ಅಂಚಿಗೆ ಸದಾ ಗ್ರೀಸಿನ ಒಂದು ಕಪ್ಪು ಗೆರೆ ಇರುತ್ತಿತ್ತು, ಕಾಡಿಗೆ ಹಚ್ಚಿದ ಹಾಗೆ. ಕೆಲಸದ ನಡುವೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ರೆಪ್ಪೆ ಒತ್ತಿಕೊಳ್ಳುವುದು ಅವರ ಅಭ್ಯಾಸ. ಮೊದಲ ಸಲ ನೋಡಿದವರು, ಈ ಮನುಷ್ಯ ನಿಂತಲ್ಲೇ ನಿದ್ದೆಹೋದನೇನೋ ಅಂದುಕೊಳ್ಳಬೇಕು. ನಿದ್ದೆಯಲ್ಲ, ಕೇಳುತ್ತಿದ್ದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಇಂಜಿನ್ನಿನ ಸಪ್ಪಳ ಕೇಳುತ್ತ ಅವರು ನಿಂತರೆ ಸುತ್ತಲಿದ್ದ ಲಾರಿ ಡ್ರೈವರುಗಳೂ ಮಾತು ನಿಲ್ಲಿಸಿಬಿಡುತ್ತಿದ್ದರು.

ಬೈಲಹೊಂಗಲ ಮುಗಿದು ದೊಡವಾಡದ ದಾರಿ ಶುರುವಾಗುವಲ್ಲಿ ಒಂದು ಬೇವಿನ ಮರ, ಮರದ ಕೆಳಗೆ ತಗಡಿನ ಷೆಡ್ಡು. ಅದೇ ಅವರ ಗ್ಯಾರೇಜು. ಹತ್ತಿಯ ಸುಗ್ಗಿಯಲ್ಲಿ ಲಾರಿಗಳಿಂದ ಹಾರಿದ ಅರಳೆಯ ಎಳೆಗಳು ಅಲ್ಲಿನ ಗಾಳಿಯಲ್ಲಿ ಮೆಲ್ಲಗೆ ಇಳಿಯುತ್ತಲೇ ಇರುತ್ತಿದ್ದವು. ಮಿಸ್ತ್ರಿಯ ತಲೆ, ಹುಬ್ಬು, ನಟ್ಟು ತಿರುವುವ ಪಾನಾಗಳ ತೆರೆದಿಟ್ಟ ಗಂಟು, ಎಲ್ಲದರ ಮೇಲೂ ಬಿಳಿ ಬಿಳಿ. ಇಂದಿಗೂ ಆ ಮಧ್ಯಾಹ್ನಗಳು ನನಗೆ ಹಾಗೇ, ಸಪ್ಪಳವಿಲ್ಲದೆ ನೆನಪಾಗುತ್ತವೆ.

ನಮ್ಮಪ್ಪ ಹತ್ತಿ ವ್ಯಾಪಾರಿ. ಎರಡು ಲಾರಿಗಳಿದ್ದವು, ಸಾಕಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅವರಿಗೆ ಎಲ್ಲಿಯ ಹುಚ್ಚು ಹತ್ತಿತೋ, ರಾಮದುರ್ಗದ ಮುದಿ ವಕೀಲರೊಬ್ಬರ ಮನೆಯಲ್ಲಿ ತಾಡಪತ್ರಿ ಹೊದ್ದು ಮಲಗಿದ್ದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದರು. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಸೂರಿಲ್ಲ, ಸೈಕಲ್ಲಿನಂತೆ ಕಡ್ಡಿಗಳ ಗಾಲಿ. ಕೂತರೆ ಕೈ ಚಾಚಿ ರಸ್ತೆ ಮುಟ್ಟಬಹುದಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಅಪ್ಪ ಅದನ್ನು ಓಡಿಸಲು ಕಲಿಸಿದರು. ಸಂಜೆ ಶಾಲೆ ಬಿಟ್ಟ ಮೇಲೆ ಜೋಳದ ಹೊಲಗಳ ನಡುವೆ ಆ ಗಾಡಿಯಲ್ಲಿ ಹೋಗುವಾಗ ನಾನು ಯಾರ ಮಗಳೂ ಅಲ್ಲ, ಯಾರ ಟೀಚರೂ ಅಲ್ಲ ಅನ್ನಿಸುತ್ತಿತ್ತು. ಮಂದಿ ಬಾಯಿ ಬಿಟ್ಟು ನೋಡುತ್ತಿದ್ದರು. ನೋಡಲಿ ಅಂತಲೇ ನಾನೂ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಅವ್ವನನ್ನು ಕೂಡಿಸಿಕೊಂಡು ಅವಳ ತವರು ಮನೋಳಿಗೆ ಹೋದೆ. ಮಾವನ ಮನೆಯ ಮುಂದಿನ ದಾರಿ ಮಲಪ್ರಭೆಯ ಕಡೆ ಇಳಿಜಾರು. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು ಇಳಿದೆ. ಗೇರಿನಲ್ಲಿ ಬಿಟ್ಟು ಇಳಿಯುವ ರೂಢಿ ನನಗಿನ್ನೂ ಆಗಿರಲಿಲ್ಲ. ಅವ್ವ ಗಾಳಿಗೆ ತೂಕಡಿಸುತ್ತಿದ್ದಳು, ಎಬ್ಬಿಸಲು ಮನಸ್ಸಾಗದೆ ಮಾವನನ್ನು ಕರೆಯಲು ಒಳಗೆ ಹೋದೆ. ತಿರುಗಿ ನೋಡುವಾಗ ಗಾಡಿ ಅಷ್ಟು ಮೆತ್ತಗೆ, ಅಷ್ಟು ಚೆಂದವಾಗಿ ಇಳಿದುಹೋಗುತ್ತಿತ್ತು, ಅವ್ವ ಅದರಲ್ಲಿ ಮಲಗಿಯೇ ಇದ್ದಳು. ಜಾಲಿಯ ಮರಕ್ಕೆ ಹೋಗಿ ಬಡಿಯಿತು. ಅವಳ ಬಲಗೈ ಮುರಿಯಿತು.

ಓಡಿಬಂದ ಮಂದಿ ಗಾಡಿಯನ್ನು ಎಳೆದು ನೂಕಿ ಏನೇನೋ ಮಾಡಿದ್ದರು, ಬ್ರೇಕು ಮೇಲಿತ್ತೋ ಕೆಳಗಿತ್ತೋ ಹೇಳುವವರಿರಲಿಲ್ಲ. ಮನೆಗೆ ತಂದ ಮೇಲೆ ಅಪ್ಪ ಅಂಗಳದಲ್ಲಿ ನಿಲ್ಲಿಸಿ ಬ್ರೇಕು ಎಳೆದು ನೂಕಿ ನೋಡಿದರು. ಗಾಡಿ ಅಲುಗಲಿಲ್ಲ.

"ಬ್ರೇಕ್ ಛಲೋ ಐತಿ. ನೀ ಎಳದಿಲ್ಲ," ಎಂದರು.

"ಎಳದೇನಿ ಅಪ್ಪಾ."

"ಎಳದಿದ್ರ ಯಾಕ ಉರುಳ್ತಿತ್ತು? ನಿನ್ನ ಕೈಗೆ ಇನ್ನ ಗಾಡಿ ಬ್ಯಾಡ. ಮಾರಿ ಬಿಡತೇನಿ."

ಅವ್ವ ಕೂಡ, "ಮರತಿರಬೇಕ ಬಿಡ ಮಗಳ, ಹೋಗ್ಲಿ," ಅಂದಳು. ಬೈದಿದ್ದರೆ ಜಗಳ ಆಡುತ್ತಿದ್ದೆ, ಜಗಳದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಅವಳು ಕ್ಷಮಿಸಿಬಿಟ್ಟಳು. ಅದನ್ನು ತಡೆಯಲಾಗಲಿಲ್ಲ. ಹತ್ತು ದಿನ ಕಳೆಯುವುದರೊಳಗೆ ನನಗೇ ಅನುಮಾನ ಹತ್ತಿತು. ಎಳೆದೆನೋ, ಎಳೆದ ಹಾಗೆ ಕನಸು ಕಂಡೆನೋ? ಗಂಜಿ ಕುಡಿಸುವಾಗ ಅವ್ವನ ಕೈಯ ಪ್ಲಾಸ್ಟರು ನೋಡಲಾಗದೆ ಗೋಡೆ ನೋಡುತ್ತಿದ್ದೆ.

ಮಾರುವ ಮೊದಲು ಮಿಸ್ತ್ರಿಗೆ ತೋರಿಸಿ ಬಾ ಎಂದು ಅಪ್ಪ ಕೊನೆಗೆ ಕೀಲಿ ಕೊಟ್ಟರು. ಪಕ್ಕದ ಸೀಟಿನಲ್ಲಿ ನಮ್ಮ ಚಕ್ಕಡಿ ಅಜ್ಜ ಕೂತ, ಗಾಲಿಗೆ ಅಡ್ಡ ಕೊಡಲು ಒಂದು ಕಲ್ಲನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು. ಅಜ್ಜ ಅವ್ವನ ತವರಿನ ಆಳು. ಮದುವೆಯಾಗಿ ಅವ್ವ ಮನೋಳಿಯಿಂದ ಬಂದ ಚಕ್ಕಡಿಯನ್ನು ಹೊಡೆದುಕೊಂಡು ಬಂದವನು, ಹಾಗೇ ಇಲ್ಲೇ ಉಳಿದವನು. ಲಾರಿ ಬಂದ ಮೇಲೆ ಎತ್ತು ಹೋದವು, ಚಕ್ಕಡಿಯೂ ಹೋಯಿತು. ಅವನ ಎಣ್ಣೆಯ ಡಬ್ಬಿ ಮಾತ್ರ ಗೂಟಕ್ಕೆ ನೇತಾಡುತ್ತಿತ್ತು.

ಮಿಸ್ತ್ರಿ ನನ್ನನ್ನು ಕೂಡಿಸಿ, ಮೊದಲು ಗಾಡಿ ಏನು ಮಾಡಿತು ಎಂದು ಕೇಳಿದರು, ಆಮೇಲೆ ನಾನು ಏನು ಮಾಡಿದೆ ಎಂದು. ಯಾವಾಗಲೂ ಅದೇ ಕ್ರಮ.

"ಬ್ರೇಕ್ ಎಳದಾಗ ಟಕ್ ಟಕ್ ಅಂತಲ್ಲ ಅಕ್ಕಾರ, ಎಷ್ಟ ಸಲ ಅಂತು?"

ಶಾಲೆಯಲ್ಲಿ ಕಲಿಸುತ್ತಿದ್ದ ನನ್ನನ್ನು ಅವರು ಹಾಗೇ ಕರೆಯುತ್ತಿದ್ದರು. ಕಣ್ಣು ಮುಚ್ಚಿ ನೆನಪಿಸಿಕೊಂಡೆ. "ಐದು," ಎಂದೆ.

ಅವರು ಗಾಡಿಯಲ್ಲಿ ಕೂತು ಎಳೆದರು. ಐದು.

"ಎಳೀದ ಇದ್ದವರಿಗೆ ಐದು ಅನ್ನೂದು ಹೆಂಗ ಗೊತ್ತಿರತೈತಿ?" ಎಂದರು.

ದಿನಾ ಎಳೆಯುವವಳಿಗೆ ಗೊತ್ತಿರದೆ ಏನು? ಆ ಮಾತಿನಲ್ಲಿ ಲೆಕ್ಕವೇನೂ ಇರಲಿಲ್ಲ ಅಂತ ಗಣಿತದ ಟೀಚರಾದ ನನಗೆ ಗೊತ್ತಿತ್ತು. ಆದರೂ ಹತ್ತು ದಿನಗಳಲ್ಲಿ ನನ್ನನ್ನು ನಂಬಿದ ಮೊದಲ ಮಾತು ಅದು, ಅಲ್ಲೇ ಅಳು ಬಂತು. ಮಿಸ್ತ್ರಿ ನೋಡದವರಂತೆ ಜಾಕು ಹುಡುಕಲು ಹೋದರು.

ಕೇಬಲ್ ಸರಿಯಿತ್ತು, ಲಿವರಿನ ಹಲ್ಲು ಸರಿಯಿತ್ತು. ಹಿಂದಿನ ಗಾಲಿ ಎತ್ತಿ, ನನಗೆ ಒಂದೊಂದೇ ಟಕ್ಕು ಎಳೆಯಲು ಹೇಳಿ, ತಾವು ಗಾಲಿಯನ್ನು ಕೈಯಿಂದ ತಿರುವುತ್ತ ಕಣ್ಣು ಮುಚ್ಚಿದರು. ಮೂರಕ್ಕೇ ಗಾಲಿ ಬಿಗಿಯಬೇಕಿತ್ತು. ಐದಕ್ಕೂ ಅದು ಅವರ ಕೈಯಲ್ಲಿ ಮೆತ್ತಗೆ ಜಾರುತ್ತ ತಿರುಗಿತು.

"ಕೇಬಲ್ ಎಳೀಲಿಕ್ಕ ಹತ್ತೈತಿ, ಒಳಗ ಲೈನರ್ ಹಿಡೀವಲ್ದು. ಕಾಲಿನ ಬ್ರೇಕಿಗೆ ನಾಕೂ ಗಾಲಿ ಅದಾವ, ಹೆಂಗೋ ನಡದೈತಿ. ಹ್ಯಾಂಡ್‌ಬ್ರೇಕಿಗೆ ಹಿಂದಿನ ಎರಡ. ಸಮ ನೆಲದಾಗ ನಿಂತಾವು, ಇಳಕಲಿನ್ಯಾಗ ಹೆಂಗ ನಿಲ್ತಾವ?"

ಗಾಲಿ ಬಿಚ್ಚಿ ಬ್ರೇಕಿನ ಡ್ರಮ್ಮು ಕಳಚಿದರು. ಒಳಗೆ, ಡ್ರಮ್ಮಿಗೆ ಒತ್ತಿ ಗಾಲಿ ಹಿಡಿಯಬೇಕಾದ ಲೈನರಿನ ಮೇಲೆಲ್ಲ ಕಪ್ಪು ಜಿಡ್ಡು. ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿ, ಏನೂ ಹೇಳದೆ ಬೆರಳನ್ನು ನನ್ನ ಮುಂದೆ ಹಿಡಿದರು. ಗ್ರೀಸಿನ ವಾಸನೆಯಲ್ಲ. ಅದು ನನಗೆ ಗೊತ್ತಿದ್ದ ವಾಸನೆ. ಚಿಕ್ಕವಳಿದ್ದಾಗ ಚಕ್ಕಡಿಯ ಅಚ್ಚಿನ ಪಕ್ಕ ಕೂತು ಲಂಗಕ್ಕೆ ಬಳಿದುಕೊಂಡು ಬೈಸಿಕೊಂಡದ್ದು. ಔಡಲ ಎಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿ ಕಲೆಸಿದ ಕೀಲೆಣ್ಣೆ.

"ಅಜ್ಜಾರ, ಗಾಲಿಗೆ ಎಣ್ಣಿ ಬಿಟ್ಟಿದ್ರೇನು?" ಮಿಸ್ತ್ರಿ ಬಹಳ ಸಹಜವಾಗಿ ಕೇಳಿದರು.

ಅಜ್ಜನ ಮುಖ ಅರಳಿತು. "ಬಿಡದ ಮತ್ತ? ದಸರಾ ಖಂಡೇಪೂಜಿಗೆ ಬಿಟ್ಟೆ, ಆಮ್ಯಾಲ ಅಮಾಸಿ ಅಮಾಸಿಗೆ ಬಿಡತೇನಿ. ಕಡ್ಡಿ ನಡುವ ತೂತ ಐತಲ್ಲ, ಅದರಾಗ. ನಮ್ಮವ್ವ ಕೂಡೂ ಗಾಡಿ, ಗಾಲಿ ಒಣಗಬಾರದು ನೋಡು."

ಆ ತೂತು ಬ್ರೇಕು ಹೊಂದಿಸಲು ಇಟ್ಟದ್ದು, ಅದರಲ್ಲಿ ಬಿಟ್ಟ ಎಣ್ಣೆ ನೇರ ಲೈನರಿಗೇ ಇಳಿಯುತ್ತದೆ. ನಾನು ಬಾಯಿ ತೆರೆದೆ. ಮಿಸ್ತ್ರಿ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿತು. "ಭಾಳ ಛಲೋ ಮಾಡೀರಿ. ಒಂದ ಮೂರ ಚಾ ಹೇಳಿ ಬರ್ರಿ," ಎಂದು ಅಜ್ಜನನ್ನು ಕಳಿಸಿದರು.

"ಅವ್ವಾರ ಕೈ ಮುರದಿದ್ದು ತನ್ನ ಎಣ್ಣಿಯಿಂದ ಅಂತ ಗೊತ್ತಾದ್ರ ಆ ಮುದುಕ ಮತ್ತ ಉಣ್ಣಾಂಗಿಲ್ಲ, ಅಕ್ಕಾರ."

"ಹಂಗಾರ ನಾ ಏನ ಮಾಡ್ಲಿ? ಮರತೆ ಅನ್ನಲೇನು?"

"ನೀವ್ಯಾಕ ಅಂತೀರಿ? ನೀವು ಎಳದೀರಿ."

ಹೊತ್ತು ಇಳಿಯುವಾಗ ಅಪ್ಪ ಬಂದರು. ನಾಲ್ಕು ಜನ ಡ್ರೈವರುಗಳು ಚಹಾ ಕುಡಿಯುತ್ತ ನಿಂತಿದ್ದರು. ಮಿಸ್ತ್ರಿ ಕೈ ಒರೆಸಿಕೊಂಡು ಎದ್ದು ನಿಂತರು.

"ಅಕ್ಕಾರು ಬ್ರೇಕ್ ಎಳದಿದ್ರು ಸಾವಕಾರ್ರ. ತಪ್ಪು ನಂದು. ದೀಪಾವಳಿಯಾಗ ಗ್ರೀಸ್ ತುಂಬುವಾಗ ಹೆಚ್ಚಾಗಿ ಲೈನರಿಗೆ ಇಳದೈತಿ."

ಅಪ್ಪ ಸಿಟ್ಟಿನಲ್ಲಿ ಏನೇನು ಅಂದರೋ ಎಲ್ಲ ಬರೆಯಲಾರೆ. "ನಿನ್ನ ಕೈ ನಂಬಿ ಮನಿ ಮಂದೀನ್ನ ಕೂಡಿಸಿದೆನಲ್ಲೋ," ಅಂದದ್ದು ನೆನಪಿದೆ. ಮಿಸ್ತ್ರಿ ತಲೆ ತಗ್ಗಿಸಿ ನಿಂತಿದ್ದರು, ಕೂದಲ ಮೇಲೆ ಅರಳೆ. ಅಜ್ಜ ಕಲ್ಲು ಹಿಡಿದುಕೊಂಡು, "ಎಂಥಾ ಮಿಸ್ತ್ರಿಪಾ ನೀ," ಎಂದು ತಾನೂ ಒಂದು ಮಾತು ಸೇರಿಸಿದ. ನಾನು ಸುಮ್ಮನಿದ್ದೆ. ಅಜ್ಜನಿಗೋಸ್ಕರ ಸುಮ್ಮನಿದ್ದೆ ಅಂತ ಬಹಳ ವರ್ಷ ನನಗೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ನನ್ನ ಮೇಲಿನ ಮಾತು ಇಳಿದುಹೋದ ಸುಖವೂ ಅದರಲ್ಲಿತ್ತು.

ಎಣ್ಣೆ ಕುಡಿದ ಲೈನರು ತೊಳೆದರೂ ಕೆಲಸಕ್ಕೆ ಬರುವುದಿಲ್ಲವಂತೆ. ಜೀಪಿನ ಲೈನರು ತಂದು, ಅರದಿಂದ ಉಜ್ಜಿ ಅಳತೆಗೆ ಇಳಿಸಿ, ರಿವೆಟ್ಟು ಹೊಡೆದು ಕೂಡಿಸಿದರು. ಡ್ರಮ್ಮುಗಳನ್ನು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದರು. ಐದನೆಯ ದಿನ ದೊಡವಾಡದ ದಾರಿಯ ಏರಿನಲ್ಲಿ ನನ್ನನ್ನು ಗಾಡಿ ನಿಲ್ಲಿಸಲು ಹೇಳಿ, ತಾವು ಇಳಿದು ಹಿಂದೆ ಹೋಗಿ ನಿಂತರು, ಗಾಡಿಗೆ ಬೆನ್ನು ಕೊಟ್ಟು.

"ಬ್ರೇಕ್ ಎಳೀರಿ. ಕಾಲ ತಗೀರಿ."

"ಸರೀರಿ ಮಿಸ್ತ್ರಿ, ಉರುಳಿದ್ರ?"

"ನೀವು ಎಳದೀರಿ, ನಾ ಕಟ್ಟೇನಿ. ಇನ್ನ ಯಾಕ ಉರುಳ್ತೈತಿ? ಕಾಲ ತಗೀರಿ."

ಮೂರು ಟಕ್ಕು. ಕಾಲು ತೆಗೆದೆ. ಗಾಡಿ ನಿಂತಿತು. ಅವರು ತಿರುಗಿಯೂ ನೋಡದೆ ಬೀಡಿ ಹಚ್ಚಿ, ದೂರದ ಹೊಲ ನೋಡುತ್ತ ಪೂರ್ತಿ ಸೇದಿದರು. ಆ ಸಂಜೆಯ ಬೆಳಕು, ಬೀಡಿಯ ಹೊಗೆ, ಕನ್ನಡಿಯೊಳಗೆ ಅವರ ಬೆನ್ನು. ಆಮೇಲೆ ನನ್ನ ಕೈಯನ್ನು ನಾನು ಅನುಮಾನಿಸಲಿಲ್ಲ.

ಅಜ್ಜನಿಗೆ ಅವರೇ ಒಂದು ಕೆಲಸ ಹಚ್ಚಿಕೊಟ್ಟರು. "ಬಾಗಲದ ಕೀಲು ನಿಮ್ಮವು ಅಜ್ಜಾರ, ಗಾಲಿ ನಂದು." ಅಜ್ಜ ಸಾಯುವವರೆಗೂ ಅಮಾವಾಸ್ಯೆಗೊಮ್ಮೆ ಗಾಡಿಯ ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ. ಗಾಡಿ ನನ್ನಲ್ಲೇ ಉಳಿಯಿತು. ಅಪ್ಪನ ಲಾರಿಗಳು ಮಾತ್ರ ಬೇರೆ ಗ್ಯಾರೇಜಿಗೆ ಹೋದವು, ಅವುಗಳ ಹಿಂದೆ ಇನ್ನೂ ಕೆಲವರವು. ಬ್ರೇಕಿಗೆ ಗ್ರೀಸ್ ಹಾಕೋ ಮಿಸ್ತ್ರಿ ಎಂದು ಪೇಟೆಯಲ್ಲಿ ಚೇಷ್ಟೆ ಮಾಡಿದರು. ಅಜ್ಜ ತೀರಿದ ಮೇಲೆ, ಈಗಲಾದರೂ ಅಪ್ಪನಿಗೆ ಹೇಳುತ್ತೇನೆ ಎಂದರೆ, "ಬ್ಯಾಡ್ರಿ ಅಕ್ಕಾರ, ಅಂದಿದ್ದು ನೆನಸಿ ವಯಸ್ಸಾದವರು ಸಂಕಟ ಪಡತಾರ," ಎಂದು ಮಿಸ್ತ್ರಿ ಕಣ್ಣು ಮುಚ್ಚಿ ರೆಪ್ಪೆ ಒತ್ತಿಕೊಂಡರು. ಎರಡು ವರ್ಷಕ್ಕೆ ಅಪ್ಪನೂ ಹೋದರು. ಗೊತ್ತಾಗದೆಯೇ ಹೋದರು.

ಮಿಸ್ತ್ರಿ ತೀರಿಕೊಂಡ ಸುದ್ದಿ ಬಂದಾಗ ಅದೇ ಗಾಡಿಯಲ್ಲಿ ಹೋದೆ. ಅವರ ಹೆಂಡತಿ ಅಂಗಳದ ಕಟ್ಟೆಯ ಮೇಲೆ ಪಾನಾಗಳ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಗುರುತು ಹಿಡಿದು, ಎರಡೂ ಕೈ ಹಿಡಿದುಕೊಂಡರು.

"ಅವರ ಕೈ ಭಾಳ ಛಲೋ ಇತ್ತು ಅಕ್ಕಾರ. ಅದೊಂದ ಸಲ, ನಿಮ್ಮ ಗಾಡಿಯೊಳಗ ತಪ್ಪಿತು. ನಿಮ್ಮ ಅವ್ವಾರಿಗೆ ನೋವಾತು. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ಹೆಂಡತಿಗೂ ಹೇಳಿರಲಿಲ್ಲ ಆ ಮನುಷ್ಯ. ಇಷ್ಟು ವರ್ಷ ಆಕೆ ಆ ತಪ್ಪನ್ನು ಹೊತ್ತುಕೊಂಡು ಪೇಟೆಯಲ್ಲಿ ಓಡಾಡಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ, ಐದು ಟಕ್ಕಿನಿಂದ ಕೀಲೆಣ್ಣೆಯವರೆಗೆ.

ಗಂಟಿನಿಂದ ಒಂದು ಪಾನಾ ಹೊರಗೆ ಸರಿದಿತ್ತು, ಆಕೆ ಅದನ್ನು ಒಳಗೆ ಸೇರಿಸಿ ಬಟ್ಟೆ ಬಿಗಿದು ಕಟ್ಟಿದರು.

"ಅವರ ಕೈ ತಪ್ಪಿರಲಿಲ್ಲೇನು?"

"ಇರಲಿಲ್ರಿ."

ಆಕೆ ಎದ್ದು ಬಾಗಿಲ ಬಳಿ ಹೋಗಿ ಮಗನನ್ನು, ಸೊಸೆಯನ್ನು, ಪಕ್ಕದ ಮನೆಯವರನ್ನು ಕರೆದರು. ಎಲ್ಲರೂ ಬಂದು ನಿಂತ ಮೇಲೆ ನನ್ನ ಎದುರಿಗೆ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇನ್ನೊಮ್ಮೆ ಹೇಳ್ರಿ ಅಕ್ಕಾರ," ಎಂದರು. ನಾನು ಮೊದಲಿನಿಂದ ಹೇಳತೊಡಗಿದೆ.